ದುಂಡು ನೆಲವೂ ಉಲ್ಕಾಕುಳಿಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪೂರ್ವೇತಿಹಾಸವನ್ನು ನಾವು ಬಹುಮಟ್ಟಿಗೆ ಶಾಸನಗಳಿಂದಲೂ ದೇವಾಲಯಗಳಿಂದಲೂ ಅರಿತಿರುವೆವು. ಈಗ ಉಪಗ್ರಹಚಿತ್ರಗಳು ಅದೇ ನೆಲವನ್ನು ಆಕಾಶದಿಂದ ತೋರಿಸುತ್ತಿವೆ. ಅವುಗಳಲ್ಲಿ ದುಂಡಾದ ತಗ್ಗನ್ನೋ ಬಳೆಯಂತೆ ಬಾಗಿದ ಗುಡ್ಡಸಾಲನ್ನೋ ಕಂಡವರಿಗೆ, ಇದು ಉಲ್ಕೆ ಬಿದ್ದು ಆದ ಕುಳಿಯಾಗಿರಬಹುದೇ ಎಂಬ ಶಂಕೆ ಹುಟ್ಟುವುದು ಸಹಜ. ಈ ಶಂಕೆಯನ್ನು ಯಾವ ಪ್ರಮಾಣದಿಂದ ನಿರ್ಣಯಿಸಬೇಕೆಂಬುದೇ ಪ್ರಕೃತ ವಿಚಾರ.

ಆಕಾರವೊಂದೇ ಪ್ರಮಾಣವಲ್ಲವೆಂಬುದಕ್ಕೆ ಮಹಾರಾಷ್ಟ್ರದ ಲೋಣಾರ್ ಸರೋವರವೇ ನಿದರ್ಶನ. ಸುಮಾರು 1.8 ಕಿಲೋಮೀಟರ್ ವ್ಯಾಸದ ಈ ಕುಳಿಯನ್ನು 1823ರಲ್ಲಿ ಅಲೆಗ್ಸಾಂಡರನೆಂಬ ಆಂಗ್ಲ ಅಧಿಕಾರಿಯು ಗುರುತಿಸಿದನು. ಸುತ್ತಲೂ ಅಗ್ನಿಶಿಲೆಯಿದ್ದುದರಿಂದ ಬಹುಕಾಲ ಅದನ್ನು ಜ್ವಾಲಾಮುಖಿಯ ಬಾಯೆಂದೇ ಅನೇಕರು ಎಣಿಸಿದ್ದರು. ಮಹಾಘಾತದ ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡ ಶಿಲಾಕಣಗಳ ಪರೀಕ್ಷೆಯು 1973ರಲ್ಲಿ ಪ್ರಕಟವಾದ ಬಳಿಕವೇ ಸಂಶಯವು ನೀಗಿತು. ಮಧ್ಯಪ್ರದೇಶದ ಢಾಲಾ, ರಾಜಸ್ಥಾನದ ರಾಮಗಢಗಳಿಗೂ ಮಾನ್ಯತೆ ದೊರೆತುದು ಶಿಲೆಗಳ ಸಾಕ್ಷ್ಯದಿಂದಲೇ. ಕರ್ನಾಟಕದಲ್ಲಿ ಹೀಗೆ ಸಿದ್ಧಪಟ್ಟ ಕುಳಿ ಒಂದೂ ಇಲ್ಲ.

ನಮ್ಮ ಈ ಸೀಮೆಯಲ್ಲಿ ಭ್ರಾಂತಿಗೆ ಅವಕಾಶವು ಹೆಚ್ಚು. ಇಲ್ಲಿಯ ನೈಸ್ ಶಿಲೆಗಳು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯವು. ನಾಗಮಂಗಲದ ಕಡೆಯ ಪದರುಶಿಲೆಗಳು ಮಡಿಕೆಗೊಂಡು ಬಾಗಿವೆ. ಕಣಶಿಲೆಯ ಬೆಟ್ಟಗಳು ಮಳೆಬಿಸಿಲಿಗೆ ಸವೆದು ಗುಂಡಾಗಿವೆ. ಇವೆರಡೂ ಮೇಲಿನಿಂದ ವೃತ್ತಗಳಂತೆ ತೋರಬಲ್ಲವು. ಇದಲ್ಲದೆ ಮನುಷ್ಯನು ಕಟ್ಟಿದ ಕೆರೆಗಳೂ ಉಂಟು. ಪಾಂಡವಪುರದ ತೊಣ್ಣೂರು ಕೆರೆಯು ಬೆಟ್ಟಗಳ ನಡುವಣ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಜಲ. ರಾಮಾನುಜಾಚಾರ್ಯರು ಅದನ್ನು ತಿರುಮಲಸಾಗರವೆಂದು ಕರೆದರೆಂಬುದು ಐತಿಹ್ಯ. 1746ರಲ್ಲಿ ಅಲ್ಲಿ ಬೀಡುಬಿಟ್ಟ ನಾಸಿರ್ ಜಂಗನು ಮೋತಿತಲಾಬ್ ಎಂದು ಹೆಸರಿಟ್ಟನು. ಚಿತ್ರದಲ್ಲಿ ನೀರು ಕಾಣುವುದು, ಈ ವೃತ್ತಾಂತವು ಕಾಣದು.

ನೆರೆಯ ಮದ್ದೂರಿನಲ್ಲಿ 1865ನೆಯ ಸೆಪ್ಟೆಂಬರ್ 21ರಂದು ಉಲ್ಕಾಶಿಲೆ ಬಿದ್ದುದು ದಾಖಲೆಯಾಗಿದೆ. ಆದರೆ ಅಂತಹ ಚಿಕ್ಕ ಕಲ್ಲುಗಳು ವಾಯುಮಂಡಲದಲ್ಲಿ ವೇಗವನ್ನು ಕಳೆದುಕೊಂಡು ಬೀಳುವುದರಿಂದ ಮಹಾಕುಳಿಯನ್ನು ತೋಡಲಾರವು. ಆದುದರಿಂದ ಅದು ಈ ಪ್ರಶ್ನೆಗೆ ಆಧಾರವಾಗದು.

ಇಲ್ಲಿ ಶಾಸನಾಭ್ಯಾಸಿಗಳಿಗೂ ಒಂದು ಕಾರ್ಯವಿದೆ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ ಮೊದಲಿನ ಮೂರು ತಾಲ್ಲೂಕುಗಳ ಶಾಸನಗಳು 6ನೆಯ ಸಂಪುಟದಲ್ಲಿಯೂ ನಾಗಮಂಗಲದವು 7ನೆಯದರಲ್ಲಿಯೂ ಇವೆ. ಶಂಕಿತ ವೃತ್ತದ ಬಳಿ ಕೆರೆ ಕಟ್ಟಿಸಿದ ಉಲ್ಲೇಖವಾಗಲಿ ಬಿತ್ತುವಟ್ಟದ ದತ್ತಿಯಾಗಲಿ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ ಭೂವಿಜ್ಞಾನಿಯು ಸ್ಥಳಕ್ಕೆ ಹೋಗಿ, ಶಂಕುವಿನಂತೆ ಸೀಳಿದ ಶಿಲೆಯನ್ನೂ ಆಘಾತದ ಗೆರೆಗಳುಳ್ಳ ಬೆಣಚುಕಲ್ಲಿನ ಕಣಗಳನ್ನೂ ಅರಸಬೇಕು. ಅತಿಪ್ರಾಚೀನ ಕುಳಿಯ ಅಂಚು ಸವೆದುಹೋಗಿರಬಹುದಾದ್ದರಿಂದ, ವೃತ್ತವು ಕಾಣದಿರುವುದೂ ಕುಳಿಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಚಿತ್ರವು ಹುಡುಕಬೇಕಾದ ಎಡೆಯನ್ನು ಸೂಚಿಸಬಲ್ಲದು. ನಿರ್ಣಯವನ್ನು ಹೇಳತಕ್ಕದ್ದು ಕಲ್ಲು.