ಸಹಭಾಗಿ ಡಿಜಿಟಲ್ ನಕ್ಷೆಗಳಲ್ಲಿ ಸ್ಥಳನಾಮ ದಾಖಲೆ

ಸಾರ್ವಜನಿಕರೇ ಕೂಡಿ ಬೆಳೆಸುವ ಡಿಜಿಟಲ್ ನಕ್ಷೆಗಳಲ್ಲಿ ಊರು, ಕೆರೆ, ನಿಲ್ದಾಣ ಮತ್ತು ಆಡಳಿತ ಘಟಕಗಳ ಇಂದಿನ, ಹಿಂದಿನ, ಬೇರೆ ಭಾಷೆಗಳ ಹಾಗೂ ವಿವಾದಿತ ಹೆಸರುಗಳನ್ನು ಪ್ರತ್ಯೇಕವಾಗಿ ನಮೂದಿಸುವ ಪದ್ಧತಿ. ಇಂಥ ನಕ್ಷೆಗಳಲ್ಲಿ ಪ್ರಮುಖವಾದದ್ದು 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್. ಕನ್ನಡ, ತೆಲುಗು, ಮರಾಠಿ, ಉರ್ದು ಮತ್ತು ಲಂಬಾಣಿ ಮಾತುಗಳು ಕೂಡುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಸೀಮೆಯಲ್ಲಿ ಈ ಪದ್ಧತಿಯ ಬಹುತೇಕ ಎಲ್ಲ ಪ್ರಶ್ನೆಗಳೂ ಎದುರಾಗುತ್ತವೆ.

ದಾಖಲೆಯ ಕ್ರಮ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ವಸ್ತುವಿಗೂ ‘ಕೀಲಿ’ ಮತ್ತು ‘ಮೌಲ್ಯ’ಗಳ ಜೋಡಿ ಇರುತ್ತದೆ. ‘ನೇಮ್’ ಕೀಲಿಯಲ್ಲಿ ಮುಖ್ಯ ಹೆಸರು ಬರುತ್ತದೆ. ಭಾರತದಲ್ಲಿ ಅಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ರೂಪವನ್ನು ಹಾಕಿ, ಕನ್ನಡ, ತೆಲುಗು, ಉರ್ದು ರೂಪಗಳನ್ನು ಆಯಾ ಭಾಷೆಯ ಸಂಕೇತ ಸೇರಿಸಿದ ಕೀಲಿಗಳಲ್ಲಿ ಕೊಡುವುದು ರೂಢಿ. ‘ಓಲ್ಡ್ ನೇಮ್’ ಹಳೆಯ ಹೆಸರಿಗೆ, ‘ಆಲ್ಟ್ ನೇಮ್’ ಪರ್ಯಾಯ ಹೆಸರಿಗೆ, ‘ಅಫಿಶಿಯಲ್ ನೇಮ್’ ಸರ್ಕಾರಿ ಹೆಸರಿಗೆ, ‘ಲೋಕ್ ನೇಮ್’ ಸ್ಥಳೀಯರ ಬಾಯಲ್ಲಿರುವ ಹೆಸರಿಗೆ ಮೀಸಲು. ಹಳೆಯ ಹೆಸರು ಚಲಾವಣೆಯಲ್ಲಿದ್ದ ಕಾಲವನ್ನೂ ಕೀಲಿಗೆ ಜೋಡಿಸಬಹುದು.

ಪ್ರತಿ ವಸ್ತುವೂ ಬೇರೆ ಎಂಬುದು ಮೊದಲ ನಿಯಮ. ಚಿಂಚೋಳಿ ವನ್ಯಜೀವಿಧಾಮದೊಳಗಿನ ಚಂದ್ರಂಪಳ್ಳಿಯಲ್ಲಿ ಅಣೆಕಟ್ಟು ಒಂದು ವಸ್ತು, ಅದರ ಹಿಂದಿನ ಜಲಾಶಯ ಇನ್ನೊಂದು, ಹೆಸರು ಕೊಟ್ಟ ಊರು ಮತ್ತೊಂದು. ಒಂದಕ್ಕೆ ಹಾಕಿದ ಹೆಸರು ಉಳಿದವಕ್ಕೆ ತಾನಾಗಿ ಸಲ್ಲುವುದಿಲ್ಲ. ತೆಲಂಗಾಣದ ಗಡಿ ಹತ್ತಿರವಿರುವ ಈ ಭಾಗದಲ್ಲಿ ತೆಲುಗು ರೂಪಕ್ಕೂ ಸ್ಥಾನವಿದೆ.

ಅದೇ ಹೆಸರಿನ ಬೇರೆ ಊರುಗಳಿದ್ದರೂ ಹೆಸರಿಗೆ ಜಿಲ್ಲೆಯನ್ನು ಅಂಟಿಸುವುದಿಲ್ಲ. ಶಹಾಬಾದ ಎಂಬ ಊರು ಹರಿಯಾಣ ಮತ್ತು ಉತ್ತರ ಪ್ರದೇಶದಲ್ಲೂ ಉಂಟು. ಇಲ್ಲಿನದು ಯಾವುದೆಂದು ಗುರುತಿಸಲು ಅದರ ಸ್ಥಾನ ಮತ್ತು ಆಡಳಿತ ಗಡಿಯೇ ಸಾಕು.

ಮರುನಾಮಕರಣ

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು, ಗುಲ್ಬರ್ಗ ಕಲಬುರಗಿಯಾಯಿತು. ನಕ್ಷೆಯಲ್ಲಿ ಹೊಸ ಹೆಸರು ಮುಖ್ಯ ಸ್ಥಾನಕ್ಕೆ ಬಂದು ಹಳೆಯದು ‘ಓಲ್ಡ್ ನೇಮ್’ ಆಗುತ್ತದೆ. ಆದರೆ ಸಿಕ್ಕ ಕಡೆಯಲ್ಲೆಲ್ಲ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುವುದು ತಪ್ಪಾಗುತ್ತದೆ. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ನಗರದ ಹೆಸರು ಬದಲಾದ ಮೇಲೂ ಗುಲಬರ್ಗಾ ವಿಶ್ವವಿದ್ಯಾಲಯವಾಗಿಯೇ ಉಳಿಯಿತು. ಚುನಾವಣಾ ಆಯೋಗದ ದಾಖಲೆಯಲ್ಲಿ ಲೋಕಸಭಾ ಕ್ಷೇತ್ರದ ಹೆಸರೂ ಗುಲ್ಬರ್ಗವೇ. ಈ ಕಾರಣಕ್ಕಾಗಿಯೇ ಯಂತ್ರದ ಮೂಲಕ ಸಾಮೂಹಿಕ ತಿದ್ದುಪಡಿ ಮಾಡುವವರು ಮೊದಲು ಸಮುದಾಯದಲ್ಲಿ ಚರ್ಚಿಸಬೇಕೆಂಬ ನಿಯಮವಿದೆ.

ಪ್ರದೇಶದ ಹೆಸರಿನಲ್ಲೂ ಇದೇ ಬಗೆಯ ಇಬ್ಬಗೆ ಕಾಣುತ್ತದೆ. ರಾಜ್ಯ ಸರ್ಕಾರ 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕವೆಂದು ಕರೆಯಿತು. ಸಂವಿಧಾನದ 371(ಜೆ) ವಿಧಿಯ ಪಠ್ಯದಲ್ಲಿ ಮಾತ್ರ ಹೈದರಾಬಾದ್-ಕರ್ನಾಟಕ ಎಂಬ ಹೆಸರೇ ಇದೆ.

ರೈಲ್ವೆಯದು ಪ್ರತ್ಯೇಕ ದಾರಿ. 1874ರಲ್ಲಿ ವಾಡಿ–ಸಿಕಂದರಾಬಾದ್ ಮಾರ್ಗ ತೆರೆದಂದಿನಿಂದ ಈ ಸೀಮೆಯ ಹೆಸರುಗಳು ರೈಲ್ವೆ ಕಾಗುಣಿತದಲ್ಲೂ ನೆಲೆಗೊಂಡಿವೆ. ಸೇಡಂ ಪಟ್ಟಣದ ನಿಲ್ದಾಣ ರೈಲ್ವೆ ದಾಖಲೆಯಲ್ಲಿ ‘ಸೇರಂ’. ಮಳಖೇಡದ ನಿಲ್ದಾಣ ‘ಮಲಖೇಡ್ ರೋಡ್’. ನಿಲ್ದಾಣಕ್ಕೆ ಫಲಕದ ಮೇಲಿನ ಹೆಸರು, ಊರಿಗೆ ಊರಿನ ಹೆಸರು ಎಂಬುದು ಇಲ್ಲಿ ಪಾಲಿಸಬೇಕಾದ ಕ್ರಮ.

ಪ್ರಾಚೀನ ಹೆಸರುಗಳು

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಚಿತ್ತಾಪುರ ಬಳಿಯ ನಾಗಾವಿ ಹಿಂದೆ ಘಟಿಕಾಸ್ಥಾನವಾಗಿ ಹೆಸರಾದ ಊರು. ಬಹಮನಿ ನಾಣ್ಯಗಳಲ್ಲಿ ಕಲಬುರಗಿಯ ಹೆಸರು ಅಹಸನಾಬಾದ್. ಓಪನ್‌ಸ್ಟ್ರೀಟ್‌ಮ್ಯಾಪ್ ಮುಖ್ಯವಾಗಿ ಇಂದು ನೆಲದ ಮೇಲೆ ಇರುವುದನ್ನು ತೋರಿಸುವ ನಕ್ಷೆ. ಜನರು ಈಗಲೂ ಗುರುತಿಸುವ ಹಳೆಯ ಹೆಸರಿಗೆ ಅಲ್ಲಿ ಜಾಗವಿದೆ. ಶಾಸನ, ನಾಣ್ಯಗಳಲ್ಲಷ್ಟೇ ಉಳಿದ ಹೆಸರಿಗೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಹೆಚ್ಚು ಸೂಕ್ತ. ಅಲ್ಲಿ ಪ್ರತಿ ವಸ್ತುವಿಗೂ ಆರಂಭ ಮತ್ತು ಅಂತ್ಯದ ಕಾಲವನ್ನು ಕೊಟ್ಟು, ಬೇಕಾದ ವರ್ಷದ ನಕ್ಷೆಯನ್ನು ನೋಡಬಹುದು. ಮುಕ್ತ ದತ್ತಾಂಶ ಕೋಶವಾದ ವಿಕಿಡೇಟಾದಲ್ಲಿ ಅಧಿಕೃತ ಹೆಸರಿಗೆ ಕಾಲಾವಧಿಯ ಜೊತೆಗೆ ಆಧಾರವನ್ನೂ ಸೇರಿಸಬಹುದು.

ಆಧಾರ ಎಲ್ಲಿಂದ ಬಂತೆಂಬುದೂ ಮುಖ್ಯ. ವಾಣಿಜ್ಯ ನಕ್ಷೆಗಳಿಂದ ಹೆಸರು ನಕಲು ಮಾಡುವಂತಿಲ್ಲ. ಭಾರತದಲ್ಲಿ ಸರ್ಕಾರಿ ಪ್ರಕಟಣೆಗಳ ಹಕ್ಕುಸ್ವಾಮ್ಯ 60 ವರ್ಷಗಳಿಗೆ ಮುಗಿಯುವುದರಿಂದ, ಆ ಅವಧಿ ಕಳೆದ ಭೂಪಟ ಮತ್ತು ಗೆಜೆಟಿಯರ್‌ಗಳನ್ನು ಬಳಸಬಹುದು.

ವಿವಾದಿತ ಹೆಸರುಗಳು

ಹೆಸರಿನ ವ್ಯಾಜ್ಯದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ‘ನೆಲದ ಮೇಲಿನ ವಾಸ್ತವ’ವನ್ನು ಒರೆಗಲ್ಲಾಗಿ ಇಟ್ಟುಕೊಂಡಿದೆ: ಅಲ್ಲಿನ ಫಲಕಗಳಲ್ಲಿ ಏನಿದೆ, ನಿವಾಸಿಗಳು ಏನೆಂದು ಕರೆಯುತ್ತಾರೆ ಎಂಬುದು ಮುಖ್ಯ ಹೆಸರನ್ನು ನಿರ್ಧರಿಸುತ್ತದೆ. ಮತ್ತೆ ಮತ್ತೆ ಅಳಿಸಿ ಬರೆಯುವ ಜಗಳ ಎದ್ದರೆ ಅದರ ಡೇಟಾ ವರ್ಕಿಂಗ್ ಗ್ರೂಪ್ ಎಂಬ ತಂಡ ಮಧ್ಯೆ ಪ್ರವೇಶಿಸುತ್ತದೆ. ಬೆಳಗಾವಿಯ ಮರಾಠಿ ರೂಪ ಬೆಳಗಾಂವ್ ಮರಾಠಿ ಕೀಲಿಯಲ್ಲಿ ಇದ್ದರೆ ಅದು ಗಡಿ ವ್ಯಾಜ್ಯದಲ್ಲಿ ಪಕ್ಷ ವಹಿಸಿದಂತಲ್ಲ. 2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರುಗಳನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿ ಕರ್ನಾಟಕದಲ್ಲಿ ಪ್ರತಿಭಟನೆಯ ದನಿ ಎದ್ದಿತು. ಅಂಥ ಕ್ರಮವಿಲ್ಲವೆಂದು ಕೇರಳ ಹೇಳಿತು. ಕನ್ನಡದ ಮಂಜೇಶ್ವರ ಮತ್ತು ಮಲಯಾಳದ ಮಂಜೇಶ್ವರಂ ಬೇರೆ ಬೇರೆ ಕೀಲಿಗಳಲ್ಲಿ ಇದ್ದಾಗ ಒಂದು ರೂಪ ಇನ್ನೊಂದನ್ನು ಅಳಿಸುವುದಿಲ್ಲ. ಆದರೂ ಪರದೆಯ ಮೇಲೆ ಮೊದಲು ಕಾಣುವುದು ಒಂದೇ ಹೆಸರಾದ್ದರಿಂದ, ಮುಖ್ಯ ಸ್ಥಾನದ ಜಗಳ ಪೂರ್ತಿ ತಪ್ಪುವುದಿಲ್ಲ.

ದಾಖಲೆಗೆ ಬಾರದ ಹೆಸರುಗಳು

ಚಿಂಚೋಳಿ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಬಹಳ. ಅವುಗಳಲ್ಲಿ ಅನೇಕವು ದೀರ್ಘಕಾಲ ಯಾವುದೋ ಕಂದಾಯ ಗ್ರಾಮದ ಭಾಗವಾಗಿಯೇ ಉಳಿದು, ಸ್ವಂತ ಹೆಸರಿನಿಂದ ಕಡತ ಸೇರಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಇಂಥ ದಾಖಲೆಯಿಲ್ಲದ ವಸತಿಗಳಲ್ಲಿ ಸುಮಾರು 1,475ನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ನಿವಾಸಿಗಳಿಗೆ ಹಕ್ಕುಪತ್ರ ವಿತರಣೆ ನಡೆಯಿತು. ಕಂದಾಯ ದಾಖಲೆಯ ಹೆಸರೂ ತಾಂಡಾದವರ ಮಾತಿನ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಸರ್ಕಾರಿ ಹೆಸರನ್ನು ಗೆಜೆಟ್ ನೋಡಿ ಯಾರಾದರೂ ತುಂಬಬಹುದು. ‘ಲೋಕ್ ನೇಮ್’ ತುಂಬಲು ಮಾತ್ರ ತಾಂಡಾಕ್ಕೆ ಹೋಗಿ ಕೇಳಬೇಕು, ಅಥವಾ ಅಲ್ಲಿನವರೇ ನಕ್ಷೆಕಾರರಾಗಬೇಕು.