ಒಳಚರಂಡಿ ಸಾಮರ್ಥ್ಯ ಮತ್ತು ಕಟ್ಟಡ ಅನುಮತಿ

ಊರಿನ ಒಳಚರಂಡಿ ಜಾಲ ದಿನಕ್ಕೆ ಎಷ್ಟು ಕೊಳಚೆ ನೀರನ್ನು ಸಾಗಿಸಿ ಶುದ್ಧೀಕರಿಸಬಲ್ಲದು ಎಂಬುದನ್ನು ನೋಡಿಕೊಂಡು ಹೊಸ ಬಡಾವಣೆ, ವಸತಿ ಸಮುಚ್ಚಯ, ವಾಣಿಜ್ಯ ಕಟ್ಟಡಗಳಿಗೆ ಅನುಮತಿ ನೀಡುವ ಅಥವಾ ತಡೆಹಿಡಿಯುವ ಆಡಳಿತ ಕ್ರಮ. ಬೀದಿಯ ಕೊಳವೆ, ಅದು ಸೇರುವ ಮುಖ್ಯ ಕೊಳವೆ, ಪಂಪ್‌ಹೌಸು, ಶುದ್ಧೀಕರಣ ಘಟಕ ಇವುಗಳಲ್ಲಿ ಇಕ್ಕಟ್ಟು ಎಲ್ಲಿದೆಯೋ ಅಲ್ಲಿಗೆ ಜಾಲದ ಸಾಮರ್ಥ್ಯ ಮುಗಿಯಿತು. ಘಟಕದಲ್ಲಿ ಜಾಗ ಖಾಲಿ ಇದ್ದರೂ ನಡುವಿನ ಕೊಳವೆ ಕಿರಿದಾಗಿದ್ದರೆ ಮ್ಯಾನ್‌ಹೋಲ್ ಉಕ್ಕುತ್ತದೆ.

ಭಾರತದಲ್ಲಿ ಈ ಲೆಕ್ಕಕ್ಕೆ ಆಧಾರ ಕೇಂದ್ರ ಸರ್ಕಾರದ 2013ರ ಒಳಚರಂಡಿ ಕೈಪಿಡಿ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ರೂಢಿಯ ಅಂದಾಜು. ಹತ್ತು ಮನೆಗಳಿದ್ದ ಜಾಗದಲ್ಲಿ 500 ಫ್ಲ್ಯಾಟ್‌ಗಳ ಸಮುಚ್ಚಯ ಎದ್ದಿತು ಎನ್ನೋಣ. ಮನೆಗೆ ಐವರಂತೆ ಹಿಂದೆ ದಿನಕ್ಕೆ 5,400 ಲೀಟರ್ ಹರಿಯುತ್ತಿದ್ದಲ್ಲಿ ಈಗ 2.7 ಲಕ್ಷ ಲೀಟರ್. ಅದೂ ದಿನವಿಡೀ ಸಮನಾಗಿ ಹರಿಯುವುದಿಲ್ಲ. ಬೆಳಗ್ಗೆ ಎಲ್ಲರೂ ಸ್ನಾನಕ್ಕಿಳಿಯುವ ಹೊತ್ತಿಗೆ ಉಕ್ಕೇರುತ್ತದೆ. ಆದ್ದರಿಂದ 20,000ದವರೆಗಿನ ಜನಸಂಖ್ಯೆಗೆ ಸರಾಸರಿಯ ಮೂರು ಪಟ್ಟು ಹರಿವನ್ನು ಸಾಗಿಸುವಂತೆ ಕೊಳವೆಯ ಅಳತೆ ನಿಗದಿ ಮಾಡುತ್ತಾರೆ. ತೀರಾ ದೊಡ್ಡ ಕೊಳವೆ ಹಾಕಿಬಿಟ್ಟರೂ ಕಷ್ಟ: ನೀರಿನ ವೇಗ ತಗ್ಗಿ ಹೂಳು ಕೂರುತ್ತದೆ. ಕೊಳವೆಗಳನ್ನು ಮೂವತ್ತು ವರ್ಷ ಮುಂದಿನ ಜನಸಂಖ್ಯೆಗೆಂದು ಹಾಕುವುದು ವಾಡಿಕೆ. ಐದೇ ವರ್ಷದಲ್ಲಿ ಸ್ವರೂಪ ಬದಲಿಸುವ ರಸ್ತೆಗಳಲ್ಲಿ ಆ ಅಂದಾಜು ನಿಲ್ಲುವುದಿಲ್ಲ.

ಸಾಮರ್ಥ್ಯ ಮುಗಿದಾಗ ಏನು ಮಾಡಬೇಕೆಂಬುದಕ್ಕೆ ದೇಶಗಳ ಉತ್ತರ ಒಂದೇ ಅಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1970ರಲ್ಲಿ ವಾಷಿಂಗ್ಟನ್ ಹೊರವಲಯದ ಹೊಸ ಸಂಪರ್ಕಗಳನ್ನೇ ರಾಜ್ಯ ಸರ್ಕಾರ ತಡೆಹಿಡಿಯಿತು. 1975ರಲ್ಲಿ ಫೆಡರಲ್ ನ್ಯಾಯಾಲಯ ಇಂಥ ತಡೆಯನ್ನು ಎತ್ತಿಹಿಡಿಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2009ರಲ್ಲಿ ವೇಲ್ಸ್‌ನ ಪ್ರಕರಣವೊಂದರಲ್ಲಿ ಬೇರೆಯೇ ದಾರಿ ಹಿಡಿಯಿತು. 1991ರ ಕಾಯ್ದೆಯಂತೆ ಸಂಪರ್ಕ ಪಡೆಯುವುದು ಮಾಲೀಕರ ಹಕ್ಕು, ಸಾಮರ್ಥ್ಯ ಸಾಲದೆಂದು ನೀರಿನ ಕಂಪನಿ ಅದನ್ನು ನಿರಾಕರಿಸುವಂತಿಲ್ಲ, ಆ ಪ್ರಶ್ನೆ ಕಟ್ಟಡಕ್ಕೆ ಅನುಮತಿ ಕೊಡುವ ಹಂತದಲ್ಲೇ ತೀರ್ಮಾನವಾಗಬೇಕು ಎಂದಿತು. ಗೋಡೆ ಎದ್ದ ಮೇಲೆ ಕೊಳವೆಯ ಮಾತೆತ್ತಿದರೆ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಈ ನಿಲುವು ಒಪ್ಪತಕ್ಕದ್ದೇ.

ಬೆಂಗಳೂರು ಈ ವಿಷಯಕ್ಕೆ ಕಣ್ಣೆದುರಿನ ಪಾಠ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ನಗರದ ಕೊಳಚೆ ಇಳಿಜಾರಿನಲ್ಲೇ ಹರಿಯುತ್ತದೆ: ವೃಷಭಾವತಿ ಕಣಿವೆಯದು ಅರ್ಕಾವತಿಯ ಮೂಲಕ ಕಾವೇರಿಯತ್ತ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದು ದಕ್ಷಿಣ ಪಿನಾಕಿನಿಯತ್ತ. 1964ರ ಕಾಯ್ದೆಯಡಿ ರಚನೆಯಾದ ಜಲಮಂಡಳಿಯ ಮುಖ್ಯ ಕೊಳವೆಗಳು ಬಹುಮಟ್ಟಿಗೆ ರಾಜಕಾಲುವೆಗಳ ಪಕ್ಕದಲ್ಲೇ ಸಾಗುತ್ತವೆ. ಹೀಗಾಗಿ ಕೊಳವೆ ಉಕ್ಕಿದರೆ ಮಳೆನೀರಿನ ಕಾಲುವೆಗೆ, ಅಲ್ಲಿಂದ ಕೆರೆಗೆ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿದ್ದೂ 2018ರ ಜನವರಿಯಲ್ಲಿ ಅದೇ ಕೆರೆಯಂಗಳದಲ್ಲಿ ಬೆಂಕಿ ಹತ್ತಿದ್ದೂ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಮೇಲ್ಭಾಗದಲ್ಲಿ ವರ್ಷಾನುಗಟ್ಟಲೆ ಎದ್ದ ಕಟ್ಟಡಗಳ ಭಾರದ ಫಲ.

ಇಲ್ಲಿ ನಕ್ಷೆ ಮಂಜೂರು ಮಾಡುವ ಸಂಸ್ಥೆ ಒಂದು, ಕೊಳವೆಯ ಒಡೆತನ ಜಲಮಂಡಳಿಯದು, ಹೊರಹರಿವಿನ ಮೇಲೆ ನಿಗಾ ಮಾಲಿನ್ಯ ನಿಯಂತ್ರಣ ಮಂಡಳಿಯದು. ಬಹುಮಹಡಿ ಕಟ್ಟಡಕ್ಕೆ ಜಲಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು, ಜಾಲದ ವೆಚ್ಚಕ್ಕೆಂದು ಪ್ರೊರೇಟಾ ಶುಲ್ಕ ಕಟ್ಟಬೇಕು. ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಪತ್ರಗಳಿಗೆ ಕೊರತೆಯಿಲ್ಲ. ಆದರೆ ಪ್ರತಿ ಕಡತವೂ ಒಂದೊಂದು ನಿವೇಶನವನ್ನು ನೋಡುತ್ತದೆ, ಕೊಳವೆ ಮಾತ್ರ ಇಡೀ ಕಣಿವೆಯ ಲೆಕ್ಕದಲ್ಲಿ ತುಂಬುತ್ತದೆ. ಮಂಜೂರಾಗಿ ಇನ್ನೂ ಕಟ್ಟದಿರುವ ಮನೆಗಳ ಕೊಳಚೆಯನ್ನೂ ಕೂಡಿಸಿ ಕಣಿವೆವಾರು ಖಾತೆ ಇಡದೆ ಕೊಡುವ ನಿರಾಕ್ಷೇಪಣೆಗೆ ಅರ್ಥ ಕಡಿಮೆ. ಕೊಳವೆಬಾವಿ, ಟ್ಯಾಂಕರ್ ನೀರೂ ಕೊನೆಗೆ ಕೊಳಚೆಯೇ ಆಗುವುದರಿಂದ ಜಲಮಂಡಳಿಯ ಕಾವೇರಿ ನೀರು ಪೂರೈಕೆಯ ಅಂಕಿಯನ್ನಷ್ಟೇ ನಂಬಿ ಮಾಡಿದ ಅಂದಾಜು ನಿಜಕ್ಕಿಂತ ಕಡಿಮೆಯೇ ಇರುತ್ತದೆ.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಈ ತೊಡಕು ತೀವ್ರ. ಅಲ್ಲಿ ಕಟ್ಟಡ ಮೊದಲು ಬಂತು, ಕೊಳವೆ ಆಮೇಲೆ. ಶೌಚಗುಂಡಿಗಳನ್ನು ಖಾಲಿ ಮಾಡುವ ಟ್ಯಾಂಕರುಗಳೇ ಅನೇಕ ಬೀದಿಗಳಿಗೆ ಒಳಚರಂಡಿಯಾದವು. ದೊಡ್ಡ ಸಮುಚ್ಚಯಗಳು ಆವರಣದಲ್ಲೇ ಶುದ್ಧೀಕರಣ ಘಟಕ ಇಡಬೇಕೆಂಬ ನಿಯಮ ಹೊರೆಯನ್ನು ಇಳಿಸುತ್ತದೆ ನಿಜ, ಆದರೆ ಅದನ್ನು ನಡೆಸುವ ವಿದ್ಯುತ್ ಮತ್ತು ದುರಸ್ತಿಯ ಖರ್ಚು ನಿವಾಸಿಗಳ ಸಂಘದ ತಲೆಗೆ ಬೀಳುತ್ತದೆ. ಘಟಕ ಕೆಟ್ಟು ನಿಂತರೆ ಆ ನೀರು ಮತ್ತೆ ಕಾಲುವೆಗೇ. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ನೀರು ಯೋಜನೆಯ 5ನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು; ಬರುವ ನೀರು ಹೆಚ್ಚಿದಂತೆ ಕೊಳಚೆಯೂ ಹೆಚ್ಚುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬೆಂಗಳೂರಿನಲ್ಲಿ ಕೊಡುವ ಪ್ರತಿ ಅನುಮತಿಯ ಗುಣಾವಗುಣ ಈಗ ಆ ಕೆರೆಗಳ ಏರಿಯ ಮೇಲೂ ಗೊತ್ತಾಗುತ್ತದೆ.