ನಿರ್ಧಾರ-ನೆರವು ವ್ಯವಸ್ಥೆ, ವಿಮಾನದ ಕಾಕ್‌ಪಿಟ್‌ನಲ್ಲಿ

ವಿಮಾನದ ಸ್ಥಿತಿ, ಹವಾಮಾನ, ಹಾರಾಟದ ಹಂತಗಳ ಜೊತೆಗೆ ಪೈಲಟ್‌ಗಳ ಕೆಲಸದ ಹೊರೆಯನ್ನೂ ಆಯಾಸವನ್ನೂ ಅಂದಾಜು ಮಾಡಿ, ಯಾವ ಮಾಹಿತಿಯನ್ನು ಯಾವಾಗ, ಎಷ್ಟು ಕೊಡಬೇಕೆಂದು ಸಂದರ್ಭಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ವ್ಯವಸ್ಥೆ. ಎಚ್ಚರಿಸುವುದೇ ಬೇರೆ, ನೆರವಾಗುವುದೇ ಬೇರೆ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ನಡೆದ ದುರಂತದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಬಜಪೆಯದು ಗುಡ್ಡದ ನೆತ್ತಿಯ ರನ್‌ವೇ. ಉದ್ದ 2,450 ಮೀಟರ್, ಅಂದರೆ ಸುಮಾರು 8,000 ಅಡಿ, ಅದರಾಚೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ಅಲ್ಲಿಂದ ಉರುಳಿ, ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ನಿಲ್ದಾಣದ ರೇಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ವಿಮಾನ ಇರಬೇಕಾದುದಕ್ಕಿಂತ ತೀರಾ ಎತ್ತರದಲ್ಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿ ಎದ್ದಿದ್ದರು. ನೆಲ ಸಮೀಪಿಸುತ್ತಿದೆಯೆಂದು ಎಚ್ಚರಿಸುವ ಯಂತ್ರ ‘ಸಿಂಕ್ ರೇಟ್’ (ಇಳಿತದ ವೇಗ ಅತಿಯಾಗಿದೆ), ‘ಪುಲ್ ಅಪ್’ (ಮೇಲೇರಿಸು) ಎಂದು ಕೂಗುತ್ತಲೇ ಇತ್ತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ (ಇಳಿಯದೆ ಮತ್ತೆ ಮೇಲೇರಿ) ಎಂದರು. ಚಕ್ರ ನೆಲ ಮುಟ್ಟುವಷ್ಟರಲ್ಲಿ ಸುಮಾರು 5,200 ಅಡಿ ರನ್‌ವೇ ಹಿಂದೆ ಉಳಿದಿತ್ತು. ಆಮೇಲೆ ಬ್ರೇಕ್ ಹಾಕಿದ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ನೋಡಿದರು. ನೆಲ ಮುಟ್ಟಿದ ಕೂಡಲೇ ಪೂರ್ತಿ ಬ್ರೇಕ್ ಮತ್ತು ರಿವರ್ಸ್ ಥ್ರಸ್ಟ್ ಬಳಸಿದ್ದರೆ ರನ್‌ವೇಯ ಆರಂಭದಿಂದ 7,600 ಅಡಿಯೊಳಗೇ ನಿಲ್ಲಬಹುದಿತ್ತು ಎಂದಿತು ತನಿಖಾ ವರದಿ. ಆಕಾಶದಲ್ಲಿರುವಾಗ ‘ಇಳಿಯಬೇಡ’ ಎಂಬುದೇ ಸರಿ. ನೆಲ ಮುಟ್ಟಿದ ಮೇಲೆ ‘ನಿಲ್ಲಿಸು’ ಎಂಬುದೇ ಸರಿ. ಎರಡನೆಯದನ್ನು ಹೇಳುವ ಯಂತ್ರ ಆ ಕಾಕ್‌ಪಿಟ್‌ನಲ್ಲಿ ಇರಲಿಲ್ಲ.

ನಿಲ್ಲಲು ರನ್‌ವೇ ಸಾಕೇ ಎಂದು ಲೆಕ್ಕ ಮಾಡುವ ಸಾಧನ ಏರ್‌ಬಸ್‌ನ ಎ380ಗೆ 2009ರಲ್ಲೇ ಬಂದಿತ್ತು. ತೂಕ, ವೇಗ, ಗಾಳಿ ನೋಡಿಕೊಂಡು ನಿಲ್ಲಲು ಬೇಕಾದ ದೂರವನ್ನು ಅದು ಕ್ಷಣಕ್ಷಣಕ್ಕೂ ಎಣಿಸಿ, ಸಾಲದಿದ್ದರೆ ‘ರನ್‌ವೇ ಟೂ ಶಾರ್ಟ್’ ಎನ್ನುತ್ತದೆ; ನೆಲ ಮುಟ್ಟಿದ ಮೇಲೆ ಬ್ರೇಕ್, ರಿವರ್ಸ್ ಕೇಳುತ್ತದೆ. ಆದರೆ ಪೈಲಟ್‌ಗೆ ನಿದ್ದೆಯ ಮಂಪರು ಇದೆಯೇ ಎಂಬುದು ಅದಕ್ಕೂ ತಿಳಿಯದು.

ಮಾಹಿತಿ ಅತಿಯಾದರೂ ಕಷ್ಟವೇ. 2010ರ ನವೆಂಬರ್ 4ರಂದು ಸಿಂಗಪುರದ ಬಳಿ ಎಂಜಿನ್ ಸಿಡಿದ ಕ್ವಾಂಟಸ್ ಎ380ರಲ್ಲಿ ದೋಷ ಸಂದೇಶಗಳ ಮಹಾಪೂರವೇ ಬಂತು. ಕಾಕ್‌ಪಿಟ್‌ನಲ್ಲಿ ಐವರು ಪೈಲಟ್‌ಗಳಿದ್ದೂ ಅವುಗಳನ್ನು ನಿಭಾಯಿಸಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕಾಯಿತು.

ಪೈಲಟ್‌ನ ಉದ್ದೇಶವನ್ನು ಊಹಿಸಿ ನೆರವಾಗುವ ಪ್ರಯೋಗಗಳು ಅಮೆರಿಕದ ಸೇನಾ ವಿಮಾನಗಳಿಗಾಗಿ 1980ರ ದಶಕದಲ್ಲೇ ನಡೆದವು. ಪ್ರಯಾಣಿಕ ವಿಮಾನಕ್ಕೆ ಅವು ಸುಲಭವಾಗಿ ಒಗ್ಗವು: ತಾನಾಗಿ ಬದಲಾಗುವ ಪರದೆ ಪೈಲಟ್‌ಗೆ ಗೊಂದಲ, ಕಲಿಯುತ್ತ ಹೋಗುವ ತಂತ್ರಾಂಶ ಪ್ರಮಾಣಪತ್ರ ಕೊಡುವವರಿಗೆ ತಲೆನೋವು. ಹಾಗಾಗಿ ಪ್ರಯಾಣಿಕ ವಿಮಾನಗಳಲ್ಲಿ ಸದ್ಯ ಬಳಕೆಯಲ್ಲಿರುವ ಹೊಂದಾಣಿಕೆ ಬಹುಮಟ್ಟಿಗೆ ಹಾರಾಟದ ಹಂತಕ್ಕೆ ಸೀಮಿತ: ಟೇಕಾಫ್ ಓಟ ವೇಗ ಹಿಡಿದ ಮೇಲೆ ತುರ್ತಲ್ಲದ ಎಚ್ಚರಿಕೆಗಳನ್ನು ತಡೆಹಿಡಿದು, ಮೇಲೇರಿದ ನಂತರ ತೋರಿಸುವುದು.